ಹಲ್ಲಿನ ಕೀವು ಹೋಗುವ ದಾರಿ

ನಮ್ಮ ಎಮ್ಮೆದೊಡ್ಡಿ ಕಡೆ ಎತ್ತು ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಅದರ ಬಾಯಿ ಬಿಡಿಸಿ ನೋಡುವುದು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರ ಮೇಲೆ ರೇಟು. ಹೆಸರಿನಲ್ಲೇ ದೊಡ್ಡಿ ಇಟ್ಟುಕೊಂಡ ಊರು, ಅತ್ತ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ, ಸುತ್ತ ಕಾವಲುಗಳು. ಹಾಗಾಗಿ ದನದ ಹಲ್ಲಿನ ವಿಷಯದಲ್ಲಿ ಊರಿನ ಹಿರಿಯರಿಗೆ ಇರುವ ಜ್ಞಾನ ಸಣ್ಣದಲ್ಲ. ಮನುಷ್ಯರ ಬಾಯಿಯನ್ನು ಮಾತ್ರ ಯಾರೂ ಬಿಡಿಸಿ ನೋಡುವುದಿಲ್ಲ. ಹಲ್ಲುನೋವನ್ನು ಕಾಯಿಲೆಗಳ ಲೆಕ್ಕಕ್ಕೇ ಸೇರಿಸುವುದಿಲ್ಲ. ಕಷ್ಟ ಬಂದಾಗ ‘ಹಲ್ಲು ಕಚ್ಚಿಕೊಂಡಿರು’ ಎನ್ನುವ ಜನ ನಾವು. ಹಲ್ಲೇ ಕಷ್ಟವಾದಾಗಲೂ ಅದನ್ನೇ ಹೇಳುತ್ತೇವೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನನ್ನ ಚಿಕ್ಕಪ್ಪ ಹಾಗೆ ಕಚ್ಚಿಕೊಂಡಿದ್ದರು. ಕೆಳಗಿನ ಎಡದವಡೆಯ ಕೊನೆಯ ಹಲ್ಲು ಹುಳುಕಾಗಿತ್ತು. ನೋವು ಬಂದಾಗ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತರುವುದು, ಬಾವು ಇಳಿದ ಮೇಲೆ ಮರೆಯುವುದು, ಹೀಗೆ ಏಳೆಂಟು ತಿಂಗಳು ನಡೆದಿತ್ತು. ಆ ಸಲ ಬಾವು ಇಳಿಯಲಿಲ್ಲ. ಎರಡನೆಯ ದಿನ ಸಂಜೆ ನಾನು ಮನೆಗೆ ಬಂದಾಗ ಅವರ ಗದ್ದದ ಕೆಳಗೆ ಎರಡೂ ಕಡೆ ಊದಿ, ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಜೊಲ್ಲು ನುಂಗಲಾಗದೆ ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದರು. ನಾಲಿಗೆ ಮೇಲಕ್ಕೆ ಎದ್ದು ನಿಂತಿತ್ತು. ಮಾತು, ಸುಡುವ ಮುದ್ದೆಯ ತುತ್ತನ್ನು ಬಾಯಲ್ಲಿ ಇಟ್ಟುಕೊಂಡವರ ಮಾತಿನ ಹಾಗೆ. ಅಜ್ಜಿ ಮಾತ್ರ ಒಂದೇ ಪಟ್ಟು ಹಿಡಿದಿದ್ದರು: “ಹಲ್ಲು ಮಾತ್ರ ಕೀಳಿಸಬೇಡ್ರಪ್ಪ. ಬಾವಿದ್ದಾಗ ಕಿತ್ರೆ ಕಣ್ಣು ಹೋಗ್ತದೆ.”

ಕಣ್ಣಿನ ಪ್ರಶ್ನೆ ಬರಲೇ ಇಲ್ಲ. ಆಸ್ಪತ್ರೆಯಲ್ಲಿ ಅವರನ್ನು ನೋಡಿದ ವೈದ್ಯರು ಮೊದಲು ಹೇಳಿದ್ದು, ‘ಮಲಗಿಸಬೇಡಿ, ಕೂರಿಸಿಯೇ ಇಡಿ’ ಎಂದು. ಮಲಗಿಸಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರು ನಿಲ್ಲಬಹುದಿತ್ತು. ಆ ರಾತ್ರಿ ಕುತ್ತಿಗೆಯ ಮುಂಭಾಗದಲ್ಲಿ ಉಸಿರಿನ ಕೊಳವೆಗೆ ರಂಧ್ರ ಮಾಡಿ ನಳಿಕೆ ಇಟ್ಟರು, ಗದ್ದದ ಕೆಳಗೆ ಎರಡು ಕಡೆ ಕುಯ್ದರು, ಆ ಹಲ್ಲನ್ನು ಕಿತ್ತರು. ಹನ್ನೊಂದು ದಿನಕ್ಕೆ ಚಿಕ್ಕಪ್ಪ ಮನೆಗೆ ಬಂದರು.

ಅವರು ಬಂದ ವಾರದಲ್ಲಿ ಅಜ್ಜಿ ತನ್ನ ಅಕ್ಕನ ಕತೆ ಹೇಳಿದ್ದು. ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. 1955ರ ಆಸುಪಾಸು ಇರಬೇಕು, ಅಜ್ಜಿಯ ಮದುವೆಗೆ ಮುಂಚೆ. ಅಕ್ಕನಿಗೆ ಹದಿನೆಂಟೋ ಹತ್ತೊಂಬತ್ತೋ. ಮೊದಲು ಹಲ್ಲುನೋವು, ಆಮೇಲೆ ಗದ್ದ ಊದಿತು. ಮಂಗನಬಾವು ಎಂದುಕೊಂಡು ಪಟ್ಟು ಹಾಕಿದರು. ಮೂರನೆಯ ದಿನ ನೀರೂ ಇಳಿಯಲಿಲ್ಲ. ಕಡೂರಿಗೆ ಗಾಡಿ ಕಟ್ಟಿದರು. “ದಾರೀಲಿ ಎದ್ದು ಎದ್ದು ಕೂತ್ಕೊಳ್ಳೋಳು. ಮಲ್ಕೊಳ್ಳೇ ಅಂತ ಅವ್ವ ಹಿಡಿದು ಮಲಗಿಸೋದು,” ಎಂದರು ಅಜ್ಜಿ. ಗಾಡಿ ಕಡೂರು ತಲುಪಲಿಲ್ಲ.

ನಾನು ಹಳೆಯ ವೈದ್ಯಗ್ರಂಥಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು. ಇಷ್ಟು ವರ್ಷ ಓದಿದ ಪುಟಗಳಲ್ಲಿ ಅಜ್ಜಿಯ ಅಕ್ಕ ಎಲ್ಲಿಯಾದರೂ ಇದ್ದಾಳೆಯೇ ಎಂದು ಹುಡುಕಲು ಶುರುಮಾಡಿದ್ದು ಆಮೇಲೆ.

ಸುಶ್ರುತಸಂಹಿತೆಯ ನಿದಾನಸ್ಥಾನದ ಕೊನೆಯ ಅಧ್ಯಾಯ ಬಾಯಿಯ ರೋಗಗಳದ್ದು. ಒಟ್ಟು 65 ರೋಗಗಳು: ತುಟಿಯಲ್ಲಿ 8, ಹಲ್ಲಿನ ಬುಡದಲ್ಲಿ 15, ಹಲ್ಲಿನಲ್ಲಿ 8, ನಾಲಿಗೆಯಲ್ಲಿ 5, ಅಂಗುಳಿನಲ್ಲಿ 9, ಗಂಟಲಿನಲ್ಲಿ 17, ಇಡೀ ಬಾಯಿಗೆ ಹರಡಿದವು 3. ಹಲ್ಲಿಗಿಂತ ಹಲ್ಲಿನ ಬುಡಕ್ಕೆ ಹೆಚ್ಚು ರೋಗಗಳನ್ನು ಹೇಳಿರುವುದು ಗಮನಿಸುವಂಥದ್ದು. ಆ ಹದಿನೈದರಲ್ಲಿ ಐದು ‘ನಾಡಿ’ಗಳು. ಇಲ್ಲಿ ನಾಡಿ ಎಂದರೆ ಕೈಹಿಡಿದು ನೋಡುವ ನಾಡಿಯಲ್ಲ, ಕೀವು ತಾನೇ ಕೊರೆದುಕೊಂಡ ಕೊಳವೆ. ಇದರ ಚಿಕಿತ್ಸೆ ಹೇಳುವಾಗ ಗ್ರಂಥದ ಮಾತು ನೇರವಾಗಿದೆ: ಅಂಥ ಹಲ್ಲನ್ನು ಉಪೇಕ್ಷಿಸಿದರೆ ಕೀವಿನ ದಾರಿ ದವಡೆಯ ಮೂಳೆಯನ್ನೇ ಒಡೆಯುತ್ತದೆ, ಆದ್ದರಿಂದ ಹಲ್ಲನ್ನು ಬೇರುಸಹಿತ ತೆಗೆ, ಮುರಿದ ಮೂಳೆಯನ್ನೂ ತೆಗೆ. ಔಷಧಿ ಹಚ್ಚಿ ನೋಡೋಣ ಎಂಬ ಮಾತಿಲ್ಲ. ಕೀವು ಒಂದು ಕಡೆ ನಿಲ್ಲುವುದಿಲ್ಲ, ಚಲಿಸುತ್ತದೆ ಎಂಬ ತಿಳಿವಳಿಕೆ ಆ ಸೂಚನೆಯ ಹಿಂದಿದೆ.

ಗಂಟಲಿನ ಹದಿನೇಳರಲ್ಲಿ ಒಂದರ ಹೆಸರು ‘ಗಲೌಘ’. ಗಂಟಲಿನಲ್ಲಿ ದೊಡ್ಡ ಬಾವು, ಅನ್ನನೀರು ಇಳಿಯದು, ಜ್ವರ ತೀವ್ರ, ಉಸಿರಿನ ದಾರಿ ಮುಚ್ಚುತ್ತದೆ. ಲಕ್ಷಣ ಇಷ್ಟೇ. ಹಳೆಯ ಗ್ರಂಥದ ಒಂದು ಹೆಸರಿಗೆ ಇಂದಿನ ಒಂದು ರೋಗವನ್ನು ಗಂಟು ಹಾಕುವ ಚಪಲ ನನ್ನಂಥವರಿಗೆ ಬಹಳ, ಗೈಡ್ ಆ ಬಗ್ಗೆ ಎಷ್ಟೋ ಸಲ ಗದರಿದ್ದಾರೆ. ಗಲೌಘ ಎಂದರೆ ಇದೇ ಎಂದು ನಾನು ಹೇಳುವುದಿಲ್ಲ. ಆದರೆ ಆ ಲಕ್ಷಣಗಳನ್ನು ಓದಿದಾಗ ಗಾಡಿಯಲ್ಲಿ ಎದ್ದು ಕೂರುತ್ತಿದ್ದ ಹುಡುಗಿಯೇ ಕಣ್ಣಿಗೆ ಬಂದಳು.

ಯುರೋಪಿನಲ್ಲಿ ಈ ಸಾವಿಗೆ ಹೆಸರು ಸಿಕ್ಕಿದ್ದು 1836ರಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅರಮನೆಯ ವೈದ್ಯನಾಗಿದ್ದ ವಿಲ್ಹೆಲ್ಮ್ ಫ್ರೆಡರಿಕ್ ಫಾನ್ ಲುಡ್ವಿಗ್ ಎಂಬಾತ ಐದು ರೋಗಿಗಳನ್ನು ವಿವರಿಸಿ ಬರೆದ. ಗದ್ದದ ಕೆಳಗೆ ಮರದಷ್ಟು ಗಟ್ಟಿಯಾದ ಬಾವು, ಎರಡೂ ಕಡೆಗೆ ಬೇಗ ಹರಡುವುದು, ಉಸಿರು ಕಟ್ಟುವುದು. ಮರುವರ್ಷವೇ ಇನ್ನೊಬ್ಬ ವೈದ್ಯ ಅದನ್ನು ‘ಲುಡ್ವಿಗ್ಸ್ ಆಂಜೈನಾ’ ಎಂದು ಕರೆದ. ಆಂಜೈನಾ ಎಂಬ ಮಾತಿನ ಮೂಲದಲ್ಲಿ ಕತ್ತು ಹಿಸುಕು ಎಂಬ ಅರ್ಥವಿದೆ. ನಮ್ಮ ಅಜ್ಜಿ ‘ಗಂಟಲು ಕಟ್ಟಿ ಹೋದ್ಲು’ ಎಂದದ್ದೂ ಅದೇ. ಇದಕ್ಕೆ ಹಲ್ಲೇ ಮುಖ್ಯ ಮೂಲ ಎಂಬುದು ಗಟ್ಟಿಯಾದದ್ದು ಲುಡ್ವಿಗ್‌ನ ನಂತರ.

ಯಾಕೆ ಕೆಳಗಿನ ಕೊನೆಯ ಹಲ್ಲುಗಳೇ ಹೀಗೆ ಮಾಡುತ್ತವೆ? ದಂತವೈದ್ಯಕೀಯ ಓದುವ ಗೆಳತಿಯೊಬ್ಬಳು ಒಂದು ಒಣ ದವಡೆಮೂಳೆ ಹಿಡಿದು ನನಗೆ ತೋರಿಸಿದಳು. ನಾಲಿಗೆಯ ಕೆಳಗೆ ಬಾಯಿಗೆ ನೆಲದ ಹಾಗೆ ಒಂದು ತೆಳು ಸ್ನಾಯು ಹಾಸಿದೆ. ಅದು ದವಡೆಯ ಒಳಮೈಗೆ ಅಂಟಿಕೊಳ್ಳುವ ಗೆರೆ ಮುಂದಿನಿಂದ ಹಿಂದಕ್ಕೆ ಓರೆಯಾಗಿ ಏರುತ್ತದೆ. ಮುಂದಿನ ಹಲ್ಲುಗಳ ಬೇರಿನ ತುದಿ ಆ ಗೆರೆಗಿಂತ ಮೇಲಿದ್ದರೆ, ಹಿಂದಿನ ಎರಡು ದವಡೆಹಲ್ಲುಗಳ ಬೇರು ಗೆರೆಯ ಕೆಳಗೆ ಇಳಿದಿರುತ್ತದೆ. ಅಲ್ಲಿ ಒಳಗೋಡೆಯೂ ತೆಳು. ಬೇರಿನ ತುದಿಯಲ್ಲಿ ಸೋಂಕಾದರೆ ಅದು ಬಾಯೊಳಗೆ ಒಡೆಯದೆ ನೆಲದ ಕೆಳಗಿನ ಕುತ್ತಿಗೆಯ ಸಂದಿಗೆ ಇಳಿಯುತ್ತದೆ. ಅಲ್ಲಿಂದ ಎಡಕ್ಕೂ ಬಲಕ್ಕೂ ಬಾಗಿಲಿದೆ, ಹಿಂದೆ ಗಂಟಲಿಗೆ ದಾರಿಯಿದೆ, ಬಿಟ್ಟರೆ ಎದೆಗೂಡಿನವರೆಗೂ ಇಳಿಯಬಹುದು. ಬಾವು ಹೊರಗೆ ಹಬ್ಬಲಾಗದೆ ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಸಾವು ಬರುವುದು ಹೆಚ್ಚಾಗಿ ಉಸಿರು ನಿಂತು. ಇನ್ನೊಂದು ಮೋಸವೆಂದರೆ ಈ ಬಾವು ಬೇಗ ‘ಹಣ್ಣಾಗುವುದಿಲ್ಲ’. ಕುರು ಹಣ್ಣಾದ ಮೇಲೆ ಒಡೆಸುವುದು ನಮಗೆ ಗೊತ್ತಿರುವ ಪದ್ಧತಿ. ಇಲ್ಲಿ ಹಣ್ಣಾಗಲಿ ಎಂದು ಕಾದವರು ಕಾಯುತ್ತಲೇ ಇರುತ್ತಾರೆ.

ಇನ್ನು ಅಜ್ಜಿಯ ಕಣ್ಣಿನ ಮಾತು. ಇದನ್ನು ಮೂಢನಂಬಿಕೆ ಎಂದು ಬದಿಗೆ ಸರಿಸಿದ್ದೆ. ಆದರೆ ಸುಶ್ರುತಸಂಹಿತೆಯಲ್ಲಿ, ಬೇರುಸಹಿತ ಹಲ್ಲು ಕೀಳು ಎಂದ ಜಾಗದ ಪಕ್ಕದಲ್ಲೇ, ಅದೂ ಸಿಕ್ಕಿತು. ಮೇಲಿನ ಸಾಲಿನ ಗಟ್ಟಿಯಾಗಿ ನಿಂತ ಹಲ್ಲನ್ನು ಬೇರುಸಹಿತ ಕಿತ್ತರೆ ರಕ್ತ ವಿಪರೀತ ಹೋಗಿ ಘೋರ ರೋಗಗಳಾಗುತ್ತವೆ, ಒಂದು ಕಣ್ಣು ಹೋಗುತ್ತದೆ, ಮುಖ ವಕ್ರವಾಗುತ್ತದೆ. ಆದ್ದರಿಂದ ಮೇಲಿನ ಹಲ್ಲು ಅಲುಗಾಡುತ್ತಿದ್ದರೂ ವೈದ್ಯ ಅದನ್ನು ಕೀಳಬಾರದು ಎಂಬರ್ಥದ ಎಚ್ಚರಿಕೆ. ಸಂಸ್ಕೃತದ ಒಂದಕ್ಷರ ಓದದ ನನ್ನ ಅಜ್ಜಿ ಹೇಳಿದ್ದೂ ಇದನ್ನೇ. ಗ್ರಂಥದಿಂದ ಜನರ ಬಾಯಿಗೆ ಬಂತೋ, ಜನರ ಅನುಭವವೇ ಗ್ರಂಥಕ್ಕೆ ಹೋಯಿತೋ, ಎರಡಕ್ಕೂ ದಾರಿಯಿದೆ. ಜನರ ಬಾಯಲ್ಲಿ ಮಾತ್ರ ಎಚ್ಚರಿಕೆ ಬೆಳೆದಿದೆ. ಮೇಲಿನ ಹಲ್ಲಿಗೆ ಹೇಳಿದ್ದು ಎಲ್ಲ ಹಲ್ಲಿಗೂ ಹರಡಿ, ಕೆಳದವಡೆಯ ಬಾವಿನಲ್ಲಿ ಒದ್ದಾಡುತ್ತಿದ್ದ ಚಿಕ್ಕಪ್ಪನವರೆಗೂ ಬಂದಿದೆ.

ಹಲ್ಲಿಗೂ ಕಣ್ಣಿಗೂ ಸಂಬಂಧವೇ ಇಲ್ಲವೇ? ಇದೆ. ಮುಖದ ಅಭಿಧಮನಿಗಳು ಕಣ್ಣಿನ ಹಿಂದಿನ ಅಭಿಧಮನಿಗಳ ಮೂಲಕ ಮಿದುಳಿನ ಬುಡದಲ್ಲಿರುವ ಒಂದು ರಕ್ತದ ಕುಳಿಗೆ ಕೂಡಿಕೊಳ್ಳುತ್ತವೆ. ಮೇಲಿನ ಹಲ್ಲಿನ ಸೋಂಕು ಆ ದಾರಿ ಹಿಡಿದರೆ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರೆಪ್ಪೆ ಊದುತ್ತದೆ, ಕಣ್ಣುಗುಡ್ಡೆ ಮುಂದಕ್ಕೆ ಬಂದು ಅಲ್ಲಾಡದೆ ನಿಲ್ಲುತ್ತದೆ, ದೃಷ್ಟಿ ಹೋಗಬಹುದು, ಜೀವವೂ ಹೋಗಬಹುದು. ಕಣ್ಣು ಹೋಗುವುದನ್ನು ಜನ ನೋಡಿರಲೇಬೇಕು. ಸೋಂಕು ಪೂರಾ ಏರಿದ ಮೇಲೆ ಕೊನೆಯ ಉಪಾಯವಾಗಿ ಹಲ್ಲು ಕೀಳಿಸಿದ್ದಾರೆ, ಆಮೇಲೆ ಕಣ್ಣು ಹೋಗಿದೆ. ಕಣ್ಣೆದುರು ನಡೆದದ್ದು ಕೀಳಿಸಿದ್ದು. ಒಳಗೆ ಹರಿದ ಕೀವು ಯಾರಿಗೂ ಕಾಣಲಿಲ್ಲ. ಅಪವಾದ ಇಕ್ಕಳದ ಮೇಲೆ ಬಂತು. ಇದು ನನ್ನ ಊಹೆ, ಆದರೆ ಅಜ್ಜಿಯ ಮಾತನ್ನು ಇದಕ್ಕಿಂತ ಗೌರವದಿಂದ ಅರ್ಥಮಾಡಿಕೊಳ್ಳುವ ಬೇರೆ ದಾರಿ ನನಗೆ ಕಾಣಲಿಲ್ಲ.

ಕಾಣದ ಕೀವಿನ ಜಾಗದಲ್ಲಿ ಜನ ಕಾಣುವ ಹುಳುವನ್ನು ಇಟ್ಟುಕೊಂಡಿದ್ದರು. ನಮ್ಮ ‘ಹುಳುಕು ಹಲ್ಲು’ ಎಂಬ ಮಾತಿನಲ್ಲೇ ಹುಳು ಇದೆ. ಬ್ಯಾಬಿಲೋನಿಯಾದ ಮಣ್ಣಿನ ಹಲಗೆಯ ಮೇಲೂ ಹಲ್ಲಿನ ಹುಳುವಿನ ಕತೆಯಿದೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿದರೆ ಹುಳು ಉದುರುತ್ತದೆ ಎಂಬುದನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರು ಕಡಿಮೆ. ಇಂಗ್ಲೆಂಡಿನಲ್ಲೂ ಹೆನ್‌ಬೇನ್ ಎಂಬ, ಇದೇ ಬದನೆ ಕುಟುಂಬದ ಗಿಡದ ಬೀಜದಿಂದ ಹೀಗೇ ಮಾಡುತ್ತಿದ್ದರು. ಕಾವಿಗೆ ಬೀಜ ಬಿರಿದು ಒಳಗಿನ ಬಿಳಿಯ ಮೊಳಕೆ ಹೊರಬಿದ್ದಾಗ ಥೇಟು ಹುಳುವಿನಂತೆಯೇ ಕಾಣುತ್ತದೆ. ಹುಳು ತೋರಿಸಿದವರೆಲ್ಲ ವಂಚಕರೇ ಆಗಿರಬೇಕಿಲ್ಲ, ಅವರೂ ಹಾಗೆಂದೇ ನಂಬಿದ್ದಿರಬಹುದು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ತನ್ನ ದಂತವೈದ್ಯ ಗ್ರಂಥದಲ್ಲಿ ಹುಳುವನ್ನು ತಳ್ಳಿಹಾಕಿದ. ನಮ್ಮಲ್ಲಿ ಅದು ಅಷ್ಟು ಸುಲಭವಾಗಿ ಹೋಗಿಲ್ಲ.

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಬರವಿಲ್ಲ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಅದೇ ಶತಮಾನದ ಮೊದಲ ಭಾಗದಲ್ಲಿ ಚಾಳುಕ್ಯ ಮನೆತನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. 14ನೇ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯದ್ದು. ಇವುಗಳಲ್ಲಿ ಬೇರು, ನಾರು, ಚೂರ್ಣ, ಮಂತ್ರ ಎಲ್ಲ ಇವೆ. ಸುಶ್ರುತನ ಕತ್ತಿಯ ಧೈರ್ಯ ಮಾತ್ರ ಹಿಂದೆ ಸರಿದಂತೆ ನನಗೆ ಕಾಣುತ್ತದೆ. ಪುಸ್ತಕದ ಆಚೆಗೆ, ಕೀವು ಬಿಡಿಸುವ, ಹಲ್ಲು ಕೀಳುವ ಕೈಗಳು ಪಂಡಿತರವಾಗಿರಲಿಲ್ಲ. ಯುರೋಪಿನಲ್ಲೂ ಇಲ್ಲಿಯೂ ಕ್ಷೌರಿಕರು, ಸಂತೆಯಲ್ಲಿ ಕೂರುವವರು ಆ ಕೆಲಸ ಮಾಡಿದರು. ಕೈ ಪಳಗಿದವರ ಬಳಿ ಶಾಸ್ತ್ರವಿಲ್ಲ, ಶಾಸ್ತ್ರ ಇದ್ದವರ ಕೈ ಕೀವಿಗೆ ಇಳಿಯದು. ಜಾತಿ ಮಾಡಿದ ಈ ಭಾಗಾಕಾರದ ಬೆಲೆಯನ್ನು ರೋಗಿಗಳು ತೆತ್ತರು. ದೊಡ್ಡವರೇನೂ ಹೊರತಲ್ಲ. ಹೈದರಾಲಿ 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಸತ್ತದ್ದು ಬೆನ್ನಿನ ಮೇಲಿನ ಕೀವಿನ ಹುಣ್ಣಿನಿಂದ. ಅದು ಹಲ್ಲಿನದಲ್ಲ, ಆದರೆ ಸೈನ್ಯಗಳನ್ನು ಓಡಿಸಿದವನಿಗೂ ಕೀವನ್ನು ಓಡಿಸಲಾಗಲಿಲ್ಲ.

ಭಾರತದ ಮೊದಲ ದಂತವೈದ್ಯ ಕಾಲೇಜನ್ನು ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಶುರುಮಾಡಿದರು. ದಂತವೈದ್ಯರ ಕಾಯಿದೆ ಬಂದದ್ದು 1948ರಲ್ಲಿ. ಪದವಿ ಇಲ್ಲದೆಯೂ ವರ್ಷಗಟ್ಟಲೆ ಆ ವೃತ್ತಿ ಮಾಡಿದವರಿಗೆ ಪಟ್ಟಿಯಲ್ಲಿ ಬೇರೆ ಭಾಗವನ್ನೇ ಇಟ್ಟರು. ನಮ್ಮ ಪಟ್ಟಣಗಳಲ್ಲಿ ಚೀನೀ ಮೂಲದ ಕುಟುಂಬಗಳ ದಂತವೈದ್ಯ ಬೋರ್ಡುಗಳನ್ನು ನೋಡಿದವರಿಗೆ ತಂದೆಯಿಂದ ಮಗ ಕಲಿತ ಆ ಪರಂಪರೆಯ ಪರಿಚಯ ಇರುತ್ತದೆ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರದ್ದು, ನಮಗೆ ಹತ್ತಿರದ ದಾವಣಗೆರೆಯ ಬಾಪೂಜಿ ದಂತವೈದ್ಯ ಕಾಲೇಜು 1979ರದ್ದು. ಅಜ್ಜಿಯ ಅಕ್ಕನಿಗೆ ಇವೆರಡೂ ಇರಲಿಲ್ಲ.

ಪೆನಿಸಿಲಿನ್ ಇರಲಿಲ್ಲವೇ? ಹೆಸರಿಗೆ ಇತ್ತು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದನ್ನು ಪಡೆದ ಮೊದಲ ರೋಗಿಗಳಲ್ಲಿ ಒಬ್ಬ ಪೊಲೀಸ್ ಪೇದೆ, ಆಲ್ಬರ್ಟ್ ಅಲೆಕ್ಸಾಂಡರ್. ಅವನದೂ ಮುಖದ ಸೋಂಕೇ, ಒಂದು ಕಣ್ಣು ಆಗಲೇ ಹೋಗಿತ್ತು. ಔಷಧಿ ಸಾಲದೆ ಅವನ ಮೂತ್ರದಿಂದ ಮತ್ತೆ ಬಸಿದು ಕೊಟ್ಟರು. ಚೇತರಿಸಿಕೊಂಡವನು ಔಷಧಿ ಮುಗಿದ ಮೇಲೆ ಸತ್ತ. ನಮ್ಮ ದೇಶದಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ, ಅಂದರೆ ಆ ಗಾಡಿ ಕಡೂರಿನ ಕಡೆ ಹೊರಟ ಕಾಲದಲ್ಲೇ.

ಈ ಕತೆಯನ್ನು ‘ಪೆನಿಸಿಲಿನ್ ಬಂತು, ಜನ ಉಳಿದರು’ ಎಂದು ಮುಗಿಸುವುದು ರೂಢಿ. ನಾನೂ ಹಾಗೇ ತಿಳಿದಿದ್ದೆ. ಆದರೆ ಲುಡ್ವಿಗ್‌ನ ರೋಗದ ಚರಿತ್ರೆಯಲ್ಲಿ ಎರಡು ವರದಿಗಳು ಪಕ್ಕಪಕ್ಕದಲ್ಲಿ ಬರುತ್ತವೆ. 1940ರಲ್ಲಿ ಅಮೆರಿಕದ ವಿಲಿಯಮ್ಸ್ ಎಂಬ ವೈದ್ಯರು 31 ರೋಗಿಗಳ ವಿವರ ಪ್ರಕಟಿಸಿದರು. ಸತ್ತವರು ಶೇಕಡ 54. ಮೂರು ವರ್ಷದ ನಂತರ ಅವರು ಗುರಾಲ್ನಿಕ್ ಎಂಬವರ ಜೊತೆ ಇನ್ನೂ 20 ರೋಗಿಗಳ ಲೆಕ್ಕ ಕೊಟ್ಟಾಗ ಅದು ಶೇಕಡ 10ಕ್ಕೆ ಇಳಿದಿತ್ತು. 1943ರಲ್ಲಿ ಪೆನಿಸಿಲಿನ್ ಸಾಮಾನ್ಯ ರೋಗಿಗಳ ಕೈಗೆ ಬಂದಿರಲಿಲ್ಲ. ಸಲ್ಫಾ ಮಾತ್ರೆಗಳು ಬಂದಿದ್ದವು ನಿಜ. ಆದರೆ ಮುಖ್ಯವಾಗಿ ಬದಲಾದದ್ದು ಕಾಯುವ ಪದ್ಧತಿ. ಉಸಿರು ನಿಲ್ಲುವ ಮೊದಲೇ ಕುತ್ತಿಗೆಯಲ್ಲಿ ದಾರಿ ಮಾಡಿದರು, ಬಾವು ಹಣ್ಣಾಗುವ ಮೊದಲೇ ಕುಯ್ದು ಒತ್ತಡ ಇಳಿಸಿದರು. ಕತ್ತಿ, ನಳಿಕೆ, ಸಮಯ. ಸುಶ್ರುತನ ‘ಉಪೇಕ್ಷಿಸಬೇಡ’ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಭಾಷ್ಯ ನಾನು ಓದಿಲ್ಲ.

ಮಾತ್ರೆ ಮುಖ್ಯವಲ್ಲ ಎಂದಲ್ಲ. ಇಂದು ಹಲ್ಲಿನ ಬಾವಿಗೆ ಎಲ್ಲ ಕಡೆ ಕೊಡುವ ಮೆಟ್ರೋನಿಡಜೋಲ್, ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಗೊತ್ತಾದದ್ದೇ ವಸಡಿನಿಂದ. ಬೇರೆ ಸೋಂಕಿಗಾಗಿ ಅದನ್ನು ತೆಗೆದುಕೊಂಡ ಹೆಂಗಸೊಬ್ಬಳ ವಸಡಿನ ಹುಣ್ಣೂ ವಾಸಿಯಾದದ್ದನ್ನು 1962ರಲ್ಲಿ ಲಂಡನ್ನಿನ ದಂತವೈದ್ಯ ಶಿನ್ ವರದಿ ಮಾಡಿದ. ಇಂಥ ಔಷಧಿಗಳು ರಕ್ತದಲ್ಲಿ ಹರಡಿದ ಸೋಂಕನ್ನು ಹಿಡಿದು ನಿಲ್ಲಿಸುತ್ತವೆ. ಆದರೆ ಸತ್ತ ಹಲ್ಲಿನ ಒಳಗೆ ರಕ್ತವೇ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ತಲುಪುವುದು ಹೇಗೆ? ಹಲ್ಲನ್ನು ಕೀಳುವವರೆಗೆ ಅಥವಾ ಬೇರಿನ ಒಳಗನ್ನು ಶುಚಿಮಾಡಿ ತುಂಬುವವರೆಗೆ ಬೀಜ ಅಲ್ಲೇ ಇರುತ್ತದೆ. ಚಿಕ್ಕಪ್ಪ ಏಳೆಂಟು ತಿಂಗಳು ಇಳಿಸಿದ್ದು ಬಾವನ್ನು, ರೋಗವನ್ನಲ್ಲ.

ಇದಕ್ಕೆ ತದ್ವಿರುದ್ಧದ ಅತಿಯೂ ಆಗಿಹೋಗಿದೆ. ಬಾಯಿಯ ಸೋಂಕೇ ಮೈಯ ಅನೇಕ ರೋಗಗಳಿಗೆ ಮೂಲ ಎಂದು ಇಂಗ್ಲೆಂಡಿನ ವಿಲಿಯಂ ಹಂಟರ್ 1910ರಲ್ಲಿ ಕೆನಡಾದಲ್ಲಿ ಮಾಡಿದ ಭಾಷಣದ ನಂತರ, ಸಂಧಿವಾತಕ್ಕೂ ಬಳಲಿಕೆಗೂ ಒಳ್ಳೆಯ ಹಲ್ಲುಗಳನ್ನೂ ಸಾಲುಸಾಲಾಗಿ ಕಿತ್ತರು. ಹಲ್ಲಿನ ಸೋಂಕು ಹೃದಯದ ಕವಾಟಕ್ಕೆ ಹೋಗಿ ಕೂರಬಹುದು ಎಂಬುದು ಅದರಲ್ಲಿ ಉಳಿದ ಸತ್ಯ. ಉಳಿದದ್ದು ಆ ಕಾಲದ ಫ್ಯಾಶನ್.

ನಮ್ಮ ಸರ್ಕಾರದ ‘ದಂತಭಾಗ್ಯ’ ಯೋಜನೆಯಲ್ಲಿ ಬಡ ವೃದ್ಧರಿಗೆ ಹಲ್ಲಿನ ಸೆಟ್ಟು ಸಿಗುತ್ತದೆ. ಅಜ್ಜಿಯ ಓರಗೆಯವರು ಅದನ್ನು ಹಾಕಿಕೊಂಡು ಕಡಲೆ ತಿಂದದ್ದನ್ನು ನೋಡಿದ್ದೇನೆ, ಅದನ್ನು ಹಳಿಯಲಾರೆ. ಆದರೂ ಹಲ್ಲು ಪೂರಾ ಹೋದ ಮೇಲೆ ಬರುವ ಭಾಗ್ಯವದು. ಕೊನೆಯ ದವಡೆಹಲ್ಲು ಹುಳುಕಾದ ಮೂವತ್ತೈದರ ಕೂಲಿಯವನಿಗೆ ಬೇಕಾದದ್ದು ಒಂದು ದಿನದ ಬಿಡುವು, ಬಸ್ಸಿನ ಚಾರ್ಜು, ಹತ್ತಿರದಲ್ಲೊಂದು ಇಕ್ಕಳ. ಶನಿವಾರ ರಾತ್ರಿ ಉಸಿರು ಕಟ್ಟುವವನಿಗೆ ಬೇಕಾದದ್ದು ಕುತ್ತಿಗೆಯಲ್ಲಿ ನಳಿಕೆ ಇಡಬಲ್ಲ ಕೈ. ಎಮ್ಮೆದೊಡ್ಡಿಯಿಂದ ಆ ಕೈ ಇರುವಲ್ಲಿಗೆ ಚಿಕ್ಕಪ್ಪ ತಲುಪಿದ್ದು ಪಕ್ಕದ ಮನೆಯವರ ಕಾರು ಅವತ್ತು ಊರಿನಲ್ಲಿ ಇದ್ದುದರಿಂದ.

ಹೋದ ತಿಂಗಳು ಊರಿಗೆ ಹೋದಾಗ ಇದನ್ನೆಲ್ಲ ಅಜ್ಜಿಗೆ ಹೇಳುತ್ತಿದ್ದೆ. 1940, 1943, ಅಮೆರಿಕ, ನಳಿಕೆ. ಅವರು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತ ಕೇಳಿಸಿಕೊಂಡರು.

“ಅಂಗಾದ್ರೆ ಅವಳ ಕುತ್ತಿಗೆ ಕುಯ್ದಿದ್ರೆ ಬದುಕೋಳಾ ಮಗಾ?”

ಬದುಕುವ ಸಾಧ್ಯತೆ ಇತ್ತು ಅಜ್ಜಿ, ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಪ್ಪ ಕುಯ್ಯೋಕೆ ಬಿಡ್ತಿರಲಿಲ್ಲ,” ಎಂದು ಮೊರವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿಕೊಂಡರು. ಆಮೇಲೆ, “ಅವ್ವ ಅವಳನ್ನ ಮಲಗಿಸದೆ ಕೂರ್ಸಿದ್ರೆ?” ಎಂದು ಕೇಳಿದರು.